ಕಂಕುಳಲ್ಲಿ ಆಲೂಗಡ್ಡೆ

ಸೌಟಣ್ಣ ಕುದಿಯುವ ಎಣ್ಣೆಗೆ ಹೆದರಿದವನಲ್ಲ. ಕಾದ ಕೊಳಗವನ್ನು ಬಟ್ಟೆಯ ಹಂಗಿಲ್ಲದೆ ಬರಿಗೈಯಲ್ಲಿ ಎತ್ತಿ ಇಳಿಸುವವನು. ಏಳುವ ಉಗಿಯೊಳಗೆ ಮೂಗು ತೂರಿಸಿ, ಉಪ್ಪು ಕಡಿಮೆಯೋ ಹೆಚ್ಚೋ ಎಂದು ವಾಸನೆಯಲ್ಲೇ ಹೇಳುವವನು. ಆಳು ನೋಡಿದರೆ ಬೀರುವಿಗೆ ಕೈಕಾಲು ಬಂದಂತೆ. ಇಂಥವನಿಗೆ ಪ್ರಪಂಚದಲ್ಲಿ ಒಂದೇ ಒಂದು ಭಯ: ಸೂಜಿ.

ಅವನ ಗ್ರಹಚಾರಕ್ಕೆ ಅವನು ಅಡುಗೆ ಮಾಡುತ್ತಿದ್ದುದು ಬಟ್ಟೆ ಹೊಲಿಯುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ. ಹೊಲಿಗೆಯ ಹಾಲಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನೂರಾರು ಸೂಜಿಗಳು ಟಕಟಕ ಕುಣಿಯುತ್ತಿದ್ದವು. ಕ್ಯಾಂಟೀನಿಗೆ ದಾರಿ ಆ ಹಾಲಿನ ನಟ್ಟನಡುವೆ. ಸೌಟಣ್ಣ ದಿನವೂ ತಲೆಯೆತ್ತಿ, ಮೇಲೆ ತಿರುಗುವ ಫ್ಯಾನುಗಳನ್ನು ನೋಡುತ್ತ ದಾಟಿಬಿಡುತ್ತಿದ್ದ. "ಎಷ್ಟು ಒಳ್ಳೆಯ ಮನುಷ್ಯ, ಹೆಣ್ಣುಮಕ್ಕಳ ಕಡೆ ಕಣ್ಣು ಹೊರಳಿಸಿಯೂ ನೋಡಲ್ಲ" ಎಂದು ಹೊಲಿಯುವ ಹೆಂಗಸರಲ್ಲಿ ಅವನಿಗೆ ದೊಡ್ಡ ಹೆಸರಿತ್ತು. ಮನೆಯಲ್ಲಿ ಅಂಗಿಯ ಗುಂಡಿ ಕಿತ್ತರೆ ಅವನ ಹೆಂಡತಿ ಇನ್ನೊಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಹೊಲಿಯಬೇಕಾಗಿತ್ತು. ಹೊರಗಿನವರಿಗೆ ಈ ಗುಟ್ಟು ಗೊತ್ತಿರಲಿಲ್ಲ.

ಅವತ್ತು ಬೆಳಗ್ಗೆ ಒಲೆ ಹೊತ್ತಿಸುವಷ್ಟರಲ್ಲಿ ಕ್ಯಾಂಟೀನಿನ ಉಸ್ತುವಾರಿ ಮೇಡಂ ಬಂದರು. ಹಿಂದೆಯೇ ಕಾರ್ಖಾನೆಯ ನರ್ಸು.

"ಎಲ್ಲರೂ ಕೇಳಿಸ್ಕೊಳ್ಳಿ" ಎಂದರು ಮೇಡಂ. "ಪಕ್ಕದ ಕಾರ್ಖಾನೇಲಿ ಸುಮಾರು ಜನ ಟೈಫಾಯ್ಡ್ ಬಂದು ಮಲಗಿದಾರೆ. ಅಲ್ಲಿಯ ಕ್ಯಾಂಟೀನಿಂದಾನೇ ಹರಡಿತಂತೆ. ನಮ್ಮಲ್ಲಿ ಆ ರಗಳೆ ಬೇಡ. ಊಟ ಮುಟ್ಟೋರೆಲ್ಲ ಇವತ್ತು ಸಂಜೆ ಸೈರನ್ ಆಗೋದ್ರೊಳಗೆ ಲಸಿಕೆ ತಗೋಬೇಕು. ತಗೊಳ್ಳದೆ ಇದ್ದೋರು ನಾಳೆಯಿಂದ ಅಡುಗೆಮನೆ ಹೊಸಿಲು ದಾಟೋ ಹಾಗಿಲ್ಲ. ಸೌಟಣ್ಣ, ನಿಮ್ಮನ್ನೂ ಸೇರಿಸಿಯೇ ಹೇಳ್ತಿರೋದು."

ಸೌಟಣ್ಣನ ಕೈಯಲ್ಲಿದ್ದ ಸೌಟು ಕೊಳಗದ ಅಂಚಿಗೆ ಬಡಿದು ಗಂಟೆಯ ಹಾಗೆ ಸದ್ದಾಯಿತು.

"ಲಸಿಕೆ ಬಗ್ಗೆ ನಾಲ್ಕು ಮಾತು ಹೇಳ್ಬಿಡ್ತೀನಿ" ಎಂದು ನರ್ಸು ಮುಂದೆ ಬಂದು, ಕೈಚೀಲದಿಂದ ಮಾದರಿಗೆಂದು ಒಂದು ಸಿರಿಂಜು ತೆಗೆದಳು. ಅಷ್ಟೇ. "ಅಕ್ಕಿ ಎಷ್ಟಿದೆ ನೋಡ್ಕೊಂಡ್ ಬರ್ತೀನಿ" ಎಂದ ಸೌಟಣ್ಣ, ಹೋಗುವ ದಾರಿಯಲ್ಲಿ ಹೊಗೆ ಎಳೆಯುವ ಫ್ಯಾನನ್ನೂ ಹಾಕಿ, ಉಗ್ರಾಣದ ಅಕ್ಕಿ ಮೂಟೆಗಳ ಹಿಂದೆ ಕುಕ್ಕರುಗಾಲಲ್ಲಿ ಕೂತು ಕಿವಿಗೆ ಬೆರಳು ತುರುಕಿಕೊಂಡ. ಬೆರಳು ನೋಯತೊಡಗಿ ಒಮ್ಮೆ ತೆಗೆದಾಗ, ಫ್ಯಾನಿನ ಗುರ್ರ್ ಸದ್ದನ್ನು ಸೀಳಿಕೊಂಡು ನರ್ಸಿನ ಒಂದೇ ಒಂದು ಮಾತು ಅವನ ಕಿವಿಗೆ ಬಿತ್ತು.

"ಜ್ವರ ಸುಡ್ತಾ ಇದ್ದೋರಿಗೆ ಇವತ್ತು ಹಾಕಲ್ಲ."

ಬಾಯಾರಿದವನ ಬಾಯಿಗೆ ತಣ್ಣೀರು ಬಿದ್ದಂತಾಯಿತು. ಉಳಿದದ್ದು ಅವನಿಗೆ ಬೇಕಿರಲಿಲ್ಲ. ಮತ್ತೆ ಬೆರಳು ತುರುಕಿಕೊಂಡ.

ಹೊರಗೆ ಬಂದಾಗ ಎದುರಿಗೆ ಚಾಕು ನಿಂತಿದ್ದ. ತರಕಾರಿ ಹೆಚ್ಚುವವನಾದ್ದರಿಂದ ಅವನಿಗೆ ಆ ಹೆಸರು. ನಾಲಿಗೆಯೂ ಅದಕ್ಕೆ ತಕ್ಕಂತೇ ಇತ್ತು. ದಿನಕ್ಕೊಂದು ಬೆರಳು ಕೊಯ್ದುಕೊಳ್ಳುತ್ತಿದ್ದುದರಿಂದ ಜೇಬಿನಲ್ಲಿ ಸದಾ ಅಂಟುಪಟ್ಟಿ ಇಟ್ಟುಕೊಂಡಿರುತ್ತಿದ್ದ. ವರ್ಷಗಟ್ಟಲೆ ಈರುಳ್ಳಿ ಹೆಚ್ಚಿ ಅತ್ತವನ ಕಣ್ಣು ಇದ್ದದ್ದು ಸೌಟಣ್ಣನ ಸೌಟಿನ ಮೇಲೆ. ಮಧ್ಯಾಹ್ನದ ಹೊತ್ತಿಗೆ ಅವನು ಅಂಗಿಯ ತೋಳು ಮಡಚಿ, ಅಲ್ಲಿ ಅಂಟಿದ್ದ ಪಟ್ಟಿಯನ್ನು ಪದಕದಂತೆ ಮೆರೆಸುತ್ತಿದ್ದ.

"ಆಯ್ತಪ್ಪ ನಂದು! ಇರುವೆ ಕಚ್ಚಿದಷ್ಟೂ ಆಗಲಿಲ್ಲ. ನಿಮ್ಮದು ಯಾವಾಗಣ್ಣ? ಏನು, ಮುಖ ಬೆವರ್ತಾ ಇದೆ?"

"ಒಲೆ ಮುಂದೆ ನಿಂತೋನು ಬೆವರದೆ ನಡುಗ್ತಾನೇನೋ?"

"ನಡುಗ್ತಾನೂ ಇದೀರಿ."

ಪಾತ್ರೆ ತಿಕ್ಕುತ್ತಿದ್ದ ಪಾತ್ರೆಯಕ್ಕ ಕೈ ನೀರು ಝಾಡಿಸಿ ಎದ್ದು ಬಂದಳು. ಊರ ಮೇಲಿನ ಕಾಳಜಿಯೆಲ್ಲ ಅವಳೊಬ್ಬಳದೇ. "ಹೌದಲ್ಲೋ, ಮೈಯೆಲ್ಲ ಅದುರ್ತಾ ಇದೆ! ಅಣ್ಣ, ಮೈ ಹುಷಾರಿಲ್ವಾ?"

ಅವಳೇ ದಾರಿ ತೋರಿಸಿದಂತಾಯಿತು. "ಯಾಕೋ ಬೆಳಗ್ಗೆಯಿಂದ ಜ್ವರ ಬಂದ ಹಾಗಿದೆ ಅಕ್ಕಾ" ಎಂದು ಸೌಟಣ್ಣ ಗಂಟಲು ಕಟ್ಟಿದವನಂತೆ ನುಡಿದ. ಯಾರೂ ನೋಡದ ಹೊತ್ತಿನಲ್ಲಿ, ಆಗತಾನೆ ಬೆಂದ ಆಲೂಗಡ್ಡೆಗಳಲ್ಲಿ ದುಂಡಗಿನದೊಂದನ್ನು ಆರಿಸಿ, ಎಡಗಂಕುಳಿಗೆ ಇಟ್ಟು ಒತ್ತಿಕೊಂಡ. ಕಣ್ಣಿನಲ್ಲಿ ನೀರು ಚಿಮ್ಮಿತು. ಅಂಗೈಯ ಚರ್ಮ ಎಮ್ಮೆಯದಾಗಿದ್ದರೂ ಕಂಕುಳು ಇನ್ನೂ ಮಗುವಿನದೇ ಎಂದು ಅವನಿಗೆ ಆವರೆಗೆ ಗೊತ್ತಿರಲಿಲ್ಲ.

ನರ್ಸಿನ ಕೋಣೆಯಲ್ಲಿ ಒಂದು ಮಂಚ, ಒಂದು ಪರದೆ, ಮೂಲೆಯಲ್ಲೊಂದು ಪುಟ್ಟ ಫ್ರಿಜ್ಜು. ಬಾಗಿಲ ಹೊರಗೇ ಆಲೂಗಡ್ಡೆಯನ್ನು ಜೇಬಿಗಿಳಿಸಿ, ಸೌಟಣ್ಣ ನರಳುತ್ತ ಒಳಗೆ ಬಂದ. ನರ್ಸು ಥರ್ಮಾಮೀಟರನ್ನು ಕಂಕುಳಿಗಿಟ್ಟು ತೆಗೆದು ನೋಡಿದಳು. ಮತ್ತೆ ಕೊಡವಿ ಇಟ್ಟು ನೋಡಿದಳು. ಅವಳ ಮುಖ ಬಿಳಿಚಿತು.

"ಅಯ್ಯೋ ದೇವರೇ, ನೂರಾನಾಲ್ಕು! ಹೀಗೆ ನಡ್ಕೊಂಡ್ ಬಂದ್ರಾ? ಮಲ್ಕೊಳ್ಳಿ ಮೊದಲು."

"ಹಾಗಾದ್ರೆ ಲಸಿಕೆ..."

"ಈ ಜ್ವರದಲ್ಲಿ ಎಲ್ಲಿಯ ಲಸಿಕೆ? ಬೇಡವೇ ಬೇಡ."

ಸೌಟಣ್ಣ ಮಂಚದ ಮೇಲೆ ಮಲಗಿ, ಸೂರಿನ ಕಡೆ ನೋಡಿ ಸಣ್ಣಗೆ ನಕ್ಕ. ಆ ನಗೆ ತುಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ತಲುಪಿರಲಿಲ್ಲ.

"ಟೈಫಾಯ್ಡೇ ಇರಬಹುದು, ಸುತ್ತಮುತ್ತ ಇದೆಯಲ್ಲ. ರಕ್ತ ತೆಗೆದು ಲ್ಯಾಬಿಗೆ ಕಳಿಸ್ಬಿಡ್ತೀನಿ" ಎಂದು ನರ್ಸು ತಟ್ಟೆ ಹಿಡಿದು ಬಂದಳು. ತಟ್ಟೆಯಲ್ಲಿದ್ದ ಸೂಜಿ ಲಸಿಕೆಯದಕ್ಕಿಂತ ದಪ್ಪ. ಸೌಟಣ್ಣ "ಅಮ್ಮಾ" ಎಂದದ್ದು ಹೊಲಿಗೆಯ ಹಾಲಿನವರೆಗೆ ಕೇಳಿಸಿತು. ಮುಂದಿನದು ಅವನಿಗೇ ಕೇಳಿಸಲಿಲ್ಲ. ಬೀರು ಮಂಚದ ಮೇಲೆ ಹಾಗೇ ಸೊರಗಿ ಒರಗಿತು.

ಅವನಿಗೆ ಎಚ್ಚರವಾಗುವ ಹೊತ್ತಿಗೆ ಸುದ್ದಿ ಅವನಿಗಿಂತ ಮೊದಲು ಎದ್ದು ಓಡಾಡುತ್ತಿತ್ತು. ಪ್ಯಾಕಿಂಗಿನಲ್ಲಿ 'ಸೌಟಣ್ಣನಿಗೆ ಜ್ವರ' ಎಂದಿದ್ದದ್ದು ಹೊಲಿಗೆ ಹಾಲಿನಲ್ಲಿ 'ಟೈಫಾಯ್ಡ್' ಆಗಿ, ಗೇಟು ತಲುಪುವಾಗ 'ಮಾತು ನಿಂತುಹೋಗಿದೆಯಂತೆ' ಆಗಿತ್ತು. ಅವನು ಮಾಡಿಟ್ಟ ಅಡುಗೆಯನ್ನೆಲ್ಲ ಮೇಡಂ ಚೆಲ್ಲಿಸಿದ್ದರು. ಪಾತ್ರೆಯಕ್ಕ ಶಪಿಸುತ್ತ ಕೊಳಗಗಳನ್ನೆಲ್ಲ ಕುದಿನೀರಲ್ಲಿ ತೊಳೆದಿದ್ದಳು. ಸೌಟು ಚಾಕುವಿನ ಕೈಗೆ ಹೋಗಿತ್ತು.

ನರ್ಸು ರಕ್ತದ ಸೀಸೆಯನ್ನು ಕಾರ್ಖಾನೆಯ ಡ್ರೈವರಿಗೆ ಕೊಟ್ಟು ಕಳಿಸಲು ಹೊರಗೆ ಹೋಗಿದ್ದಾಗ, ಪರದೆ ಸರಿಸಿ ಗೇಟಿನ ಕಾವಲುಗಾರ ಇಣುಕಿದ. ಇವನನ್ನು ಎಲ್ಲರೂ ಕರೆಯುವುದು ಮಾತ್ರೆ ಮಾಮ ಎಂದು. ಮನೆಮಂದಿ, ಬಂಧುಬಳಗ ನುಂಗಿ ಉಳಿಸಿದ ಮಾತ್ರೆಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಟ್ಟು, ಕೇಳಿದವರಿಗೂ ಕೇಳದವರಿಗೂ ಹಂಚುವುದು ಅವನ ಧರ್ಮ. ಬಣ್ಣ ನೋಡಿಯೇ ರೋಗ ಹೇಳುತ್ತಿದ್ದ. ಮಾತ್ರೆಯ ಬಣ್ಣ ನೋಡಿ.

"ಹೆದರಬೇಡ ತಮ್ಮ, ನಾನಿದೀನಿ. ನನ್ನ ಅಳಿಯಂಗೆ ಇದೇ ಟೈಫಾಯ್ಡ್ ಬಂದಾಗ ಡಾಕ್ಟ್ರು ಕೊಟ್ಟ ಆಂಟಿಬಯಾಟಿಕ್ಕು. ಗುಣ ಆದ ಹಾಗನ್ನಿಸ್ತು, ನಿಲ್ಲಿಸ್ಬಿಟ್ಟ. ನಿಂಗೇ ಅಂತ ಉಳಿದಿದೆ ನೋಡು."

"ಬೇಡ ಮಾಮ, ಸುಮ್ನೆ ಮಲಗಿದ್ರೆ ಹೋಗುತ್ತೆ."

"ಟೈಫಾಯ್ಡ್ ಸುಮ್ನೆ ಹೋಗುತ್ತಾ?" ಎನ್ನುತ್ತ ಹಿಂದೆಯೇ ಬಂದ ಪಾತ್ರೆಯಕ್ಕ ನೀರಿನ ಲೋಟವನ್ನು ಬಾಯಿಗೇ ಹಿಡಿದಳು. "ನುಂಗಣ್ಣ! ಹೆಂಡ್ತಿ ಮಕ್ಕಳ ಮುಖ ನೆನೆಸ್ಕೊಂಡು ನುಂಗು!"

ಜ್ವರವೇ ಇಲ್ಲ ಎಂದರೆ ಲಸಿಕೆ. ಇದೆ ಎಂದರೆ ಮಾತ್ರೆ. ಸೌಟಣ್ಣ ಕಣ್ಣು ಮುಚ್ಚಿ ನುಂಗಿದ. ಮಾತ್ರೆ ಮಾಮ ಅವನ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ ನೋಡಿ, ತೃಪ್ತಿಯಿಂದ ಡಬ್ಬಿ ಮುಚ್ಚಿದ.

ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಬೇಳೆ ತಳ ಹಿಡಿದ ವಾಸನೆ ಬಂತು. ಸೌಟಣ್ಣ ಎದ್ದು ಕೂತ. ವಾಸನೆಯ ಹಿಂದೆಯೇ, ಅವತ್ತು ತಡವಾಗಿ ಶುರುವಾದ ಊಟದ ಗದ್ದಲ ಹಾಲಿನಿಂದ ಬಂತು. "ಇದೇನ್ರೀ, ಬೇಳೆನೋ ಡಾಂಬರೋ!" ಎಂದು ಯಾರೋ ಹೆಂಗಸು ಕೂಗಿದಳು. ಆಮೇಲೆ ಓಣಿಯಲ್ಲಿ ಮೇಡಂ ಧ್ವನಿ: "ಏನು ಮಾಡೋದು? ಟೈಫಾಯ್ಡ್ ಆದ್ರೆ ಅವರು ತಿಂಗಳುಗಟ್ಟಲೆ ಅಡುಗೆಮನೆಗೆ ಬರೋ ಹಾಗಿಲ್ಲ. ಚಾಕು, ಇನ್ಮೇಲೆ ನೀನೇ ನೋಡ್ಕೊ. ಕಲ್ತ್ಕೊಳ್ತೀಯ."

ಸೌಟಣ್ಣನ ಎದೆಯೊಳಗೆ, ಯಾವ ಸೂಜಿಯೂ ಮುಟ್ಟದ ಜಾಗದಲ್ಲಿ, ಆ ಮಾತು ಚುಚ್ಚಿತು. ಆ ಕೊಳಗಗಳ ತಳ ಎಲ್ಲಿ ತೆಳು, ಯಾವ ಒಲೆ ಗಾಳಿಗೆ ಹೊಯ್ದಾಡುತ್ತದೆ, ಎಲ್ಲ ಅವನಿಗೊಬ್ಬನಿಗೇ ಗೊತ್ತು. ಸೌಟು ಹೋದರೆ ಅವನ ಹೆಸರಿನಲ್ಲಿ ಉಳಿಯುವುದು ಬರೀ ಅಣ್ಣ.

ಅಷ್ಟರಲ್ಲಿ ನರ್ಸು ಒಳಗೆ ಬಂದಳು. ಮಂಚದ ಹತ್ತಿರ ಅವಳ ಕಾಲಿಗೆ ಮೆತ್ತಗಿನದೇನೋ ಸಿಕ್ಕಿ ಪಚಕ್ಕೆಂದಿತು. ಬಗ್ಗಿ ನೋಡಿದಳು. ಮೂರ್ಛೆಯಲ್ಲಿ ಸೌಟಣ್ಣನ ಜೇಬಿನಿಂದ ಉರುಳಿದ್ದ ಆಲೂಗಡ್ಡೆ. ಅವನ ಕಂಕುಳಿನ ಕೆಂಪು ಬೊಬ್ಬೆಯನ್ನೂ ನೋಡಿದಳು. ಆಲೂಗಡ್ಡೆಯನ್ನು ಮೇಜಿನ ಮೇಲಿಟ್ಟು, ಅದರ ಹಣೆ ಮುಟ್ಟಿದಂತೆ ಮಾಡಿ, "ಇವರಿಗೂ ಜ್ವರ ಇಳಿದಿದೆ" ಎಂದಳು.

ಸೌಟಣ್ಣ ಎರಡೂ ಕೈ ಜೋಡಿಸಿದ. "ಸಿಸ್ಟರ್, ಮೇಡಂಗೆ ಹೇಳ್ಬೇಡಿ. ನಂಗೆ ಸೂಜಿ ಅಂದ್ರೆ ಆಗಲ್ಲ. ಎಲ್ಲರೂ ನಗ್ತಾರೆ."

ನರ್ಸು ನಗಲಿಲ್ಲ. ಬೊಬ್ಬೆಗೆ ಮುಲಾಮು ಹಚ್ಚುತ್ತ ಹೇಳಿದಳು: "ಇದರಲ್ಲಿ ನಗೋದೇನಿದೆ? ನಿಮ್ಮ ಹಾಗೆ ಹೆದರೋರು ಎಷ್ಟೋ ಜನ. ಹೇಳಿದ್ರೆ ಆಗ್ತಿತ್ತಲ್ಲ. ಬೆಳಗ್ಗೆ ನಾನು ಹೇಳಿದ್ದು ಕೇಳಿಸ್ಕೊಳ್ಲಿಲ್ವಾ? ಟೈಫಾಯ್ಡ್ ಲಸಿಕೆ ಎರಡು ಥರ ಇದೆ. ಒಂದು ಚುಚ್ಚೋದು. ಇನ್ನೊಂದು ನುಂಗೋದು."

"ನುಂ... ನುಂಗೋದು?"

"ಕ್ಯಾಪ್ಸೂಲು. ದಿನ ಬಿಟ್ಟು ದಿನ, ಖಾಲಿ ಹೊಟ್ಟೇಲಿ, ಅಗಿಯದೆ ನುಂಗ್ಬೇಕು. ಫ್ರಿಜ್ಜಲ್ಲೇ ಇಡಬೇಕು. ಸೂಜಿಗೆ ಹೆದರೋರಿಗೆ ಅಂತಲೇ ತರಿಸಿದ್ದೆ. ಒಂದು ಪ್ಯಾಕೆಟ್ ಉಳಿದಿದೆ. ಯಾವುದು ತಗೊಂಡ್ರೂ ಪೂರ್ತಿ ರಕ್ಷಣೆ ಅಂತ ಇಲ್ಲ, ಕೆಲಸ ಮಾಡೋಕೆ ಒಂದೆರಡು ವಾರ ಬೇಕು. ಕೈ ತೊಳೆಯೋದು, ನೀರು ಕುದಿಸೋದು ಮಾತ್ರ ಬಿಡೋ ಹಾಗಿಲ್ಲ."

ಸೌಟಣ್ಣನಿಗೆ ಅಳು ಬಂತು. ಎದ್ದು ಅವಳ ಕಾಲಿಗೆ ಬೀಳುವಂತೆ ಬಗ್ಗಿದ. ಕಂಕುಳು ಉರಿದು ಅರ್ಧಕ್ಕೇ ನಿಂತ. ನರ್ಸು ಮೇಡಂಗೆ ಹೇಳಿ ಕಳಿಸಿದಳು: ಜ್ವರವಿಲ್ಲ, ಉಗಿಯಿಂದ ಮೈ ಕಾದಿತ್ತು, ಅಷ್ಟೇ. ಮೇಡಂ ಓಡಿ ಬಂದರು. ಡಾಂಬರು ಬೇಳೆಯ ಪುಕಾರು ಕೇಳಿ ಸೋತಿದ್ದ ಅವರ ಮುಖ ಅರಳಿತು. "ಹಾಗಾದ್ರೆ ಲಸಿಕೆ ತಗೊಂಡು ನಾಳೆ ಬೆಳಗ್ಗೆ ಸೌಟು ಹಿಡೀರಿ ಮಾರಾಯ್ರೇ!" ಹಿಂದೆ ಮಾತ್ರೆ ಮಾಮ, ಪಾತ್ರೆಯಕ್ಕ, ಮುಖ ಹುಳ್ಳಗೆ ಮಾಡಿಕೊಂಡ ಚಾಕು, ಎಲ್ಲರೂ ಬಾಗಿಲಲ್ಲಿ ಜಮಾಯಿಸಿದರು.

ನರ್ಸು ಫ್ರಿಜ್ಜು ತೆರೆದು ಪ್ಯಾಕೆಟ್ಟು ತೆಗೆದಳು. ಸೌಟಣ್ಣ ಲೋಟ ಹಿಡಿದು ಕಾದ.

"ಒಂದು ಪ್ರಶ್ನೆ ಕೇಳ್ಲೇಬೇಕು. ಈಚೆಗೆ ಯಾವುದಾದ್ರೂ ಆಂಟಿಬಯಾಟಿಕ್ ತಗೊಂಡಿದೀರಾ?"

ಸೌಟಣ್ಣ ಬಾಯಿ ತೆರೆದ. ಸುಳ್ಳು ಇನ್ನೂ ಗಂಟಲಲ್ಲಿ ಮೆಟ್ಟಿಲೇರುತ್ತಿತ್ತು.

"ತಗೊಂಡಿದಾನೆ!" ಮಾತ್ರೆ ಮಾಮ ಎದೆ ಉಬ್ಬಿಸಿ ಮುಂದೆ ಬಂದ. "ನಾನೇ ಕೊಟ್ಟಿದ್ದು ಸಿಸ್ಟರ್. ನಾಲಿಗೆ ಎತ್ತಿಸಿ ನೋಡಿದೀನಿ. ನೋಡಿ, ಹೇಗೆ ಜ್ವರ ಬಿಟ್ಟೋಗಿದೆ!"

ನರ್ಸು ಪ್ಯಾಕೆಟ್ಟನ್ನು ಕೆಳಗಿಟ್ಟಳು. "ಯಾರದೋ ಉಳಿದ ಮಾತ್ರೆ ನುಂಗಿಸಿದ್ರಾ? ಆ ಡಬ್ಬಿ ತಂದು ನನ್ನ ಮೇಜಿನ ಮೇಲಿಡಿ, ಈಗಲೇ. ಅಣ್ಣ, ಈ ಕ್ಯಾಪ್ಸೂಲಲ್ಲಿರೋದು ಜೀವಂತ ಲಸಿಕೆ. ಆಂಟಿಬಯಾಟಿಕ್ ಒಳಗಿದ್ರೆ ಅದನ್ನ ಕೊಂದುಹಾಕುತ್ತೆ. ಇನ್ನು ಕೆಲವು ದಿನ ನಿಮಗೆ ಇದು ಕೊಡೋ ಹಾಗಿಲ್ಲ."

"ನಿಯಮ ಇವತ್ತು ಸೈರನ್ನಿನವರೆಗೆ ಮಾತ್ರ" ಎಂದರು ಮೇಡಂ, ಮುಖ ಸಣ್ಣದು ಮಾಡಿ.

"ಹಾಗಾದ್ರೆ ಚುಚ್ಚೋದೇ. ಎಡಗೈ ಬೇಡ, ಬೊಬ್ಬೆ ಇದೆ. ಬಲಗೈ ಕೊಡಿ."

ನರ್ಸು ಸೌಟಣ್ಣನ ಅಂಗಿಯ ಬಲತೋಳು ಮಡಚಿ, ಅವನಿಗೆ ಕಾಣದಂತೆ ಬೆನ್ನು ಮಾಡಿ ಸಿರಿಂಜು ಸಿದ್ಧ ಮಾಡಿದಳು. ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು. ಚಾಕು ತಲೆ ತಗ್ಗಿಸಿ ಮುಂದೆ ಬಂದು, ತೋಳಿನ ಪಟ್ಟಿಯನ್ನು ಪರ್ರನೆ ಕಿತ್ತ. ಕೆಳಗೆ ಚುಕ್ಕೆಯಷ್ಟೂ ಗುರುತಿರಲಿಲ್ಲ.

"ಸಿಸ್ಟರ್... ಆ ಪ್ಯಾಕೆಟ್ಟು ಹೇಗೂ ಮಿಕ್ಕಿತಲ್ಲ. ಬೆಳಗ್ಗೆ ಎಲ್ಲರ ಮುಂದೆ ಕೇಳೋಕೆ ನಾಚಿಕೆ ಆಯ್ತು. ನಂಗೂ ಸೂಜಿ ಅಂದ್ರೆ ಒಂಚೂರು..."

"ಊಟ ಆಗಿದೆಯಾ? ಹೊಟ್ಟೆ ಖಾಲಿ ಇರಬೇಕು."

"ಬೆಳಗ್ಗೆಯಿಂದ ಏನೂ ತಿಂದಿಲ್ಲ. ನಾನು ಮಾಡಿದ್ದು ನಂಗೇ ತಿನ್ನೋಕಾಗ್ಲಿಲ್ಲ."

ಸೌಟಣ್ಣನ ಕೈಯಲ್ಲಿದ್ದ ಲೋಟವನ್ನೇ ಇಸಿದುಕೊಂಡು ಚಾಕು ಮೊದಲ ಕ್ಯಾಪ್ಸೂಲನ್ನು ಗುಟುಕ್ಕೆಂದು ನುಂಗಿದ. ಸೌಟಣ್ಣ ಬಾಯಿ ಬಿಟ್ಟುಕೊಂಡು ಅದನ್ನೇ ನೋಡುತ್ತಿದ್ದ. ನರ್ಸು ಅವನ ತೋಳಿಗೆ ಹತ್ತಿ ಒತ್ತಿ, "ಆಯ್ತು" ಎಂದಳು.

"ಏನಾಯ್ತು?"

"ಚುಚ್ಚಿ ಆಯ್ತು."

ಸೌಟಣ್ಣ ತೋಳು ನೋಡಿಕೊಂಡ. ಒಂದಿಷ್ಟೂ ತಿಳಿದಿರಲಿಲ್ಲ. ಬೆಳಗಿನಿಂದ ಅವನಿಗೆ ನೋವು ಕೊಟ್ಟಿದ್ದರಲ್ಲಿ ಎಲ್ಲಕ್ಕಿಂತ ಸಣ್ಣದು ಇದೇ. ಎದೆ ಸೆಟೆಸಿ ಎದ್ದು ನಿಂತು, "ಮೇಡಂ, ನಾಳೆ ಬೇಳೆ ಹೇಗಿರುತ್ತೆ ನೋಡಿ!" ಎಂದ.

"ನಾಳೆ ಬೇಡ" ಎಂದಳು ನರ್ಸು, ಸಿರಿಂಜನ್ನು ಡಬ್ಬಿಗೆ ಹಾಕುತ್ತ. "ಒಂದೆರಡು ದಿನ ಆ ತೋಳು ನೋಯುತ್ತೆ. ಬಲಗೈಯಲ್ಲಿ ಭಾರ ಎತ್ತಬೇಡಿ, ಕೊಳಗ ತಿರುವಬೇಡಿ. ಎಡಗೈಯಂತೂ ಬೊಬ್ಬೆ ಆರೋವರೆಗೆ ಮೇಲೇಳಲ್ಲ."

ಮೇಡಂ ಸೌಟಣ್ಣನ ಎರಡೂ ಕೈಗಳನ್ನು ನೋಡಿದರು, ಆಮೇಲೆ ಚಾಕುವಿನ ಕಡೆ ನೋಡಿ ದೊಡ್ಡ ನಿಟ್ಟುಸಿರು ಬಿಟ್ಟರು. ಆಗಲೇ ಸಂಜೆಯ ಸೈರನ್ ಕೂಗಿತು. ಚಾಕು ಲೋಟ ಕೆಳಗಿಟ್ಟು, ಮೇಜಿನ ಮೇಲಿದ್ದ ಆಲೂಗಡ್ಡೆಯನ್ನು ಎತ್ತಿಕೊಂಡು ವಿನಯದಿಂದ ಕೇಳಿದ:

"ಅಣ್ಣ, ಇದನ್ನ ಎಷ್ಟು ಹೊತ್ತು ಬೇಯಿಸಿದ್ರಿ?"