ಮೋರಿ ಇಲ್ಲದ ದೇಶದಲ್ಲಿ ಎರಡು ಬಕೆಟ್ ನೀರು

ಪರದೇಶಕ್ಕೆ ಹೊರಟವರಿಗೆ ಎಲ್ಲರೂ ಚಳಿಯ ಬಗ್ಗೆ ಹೇಳುತ್ತಾರೆ, ಊಟದ ಬಗ್ಗೆ ಹೇಳುತ್ತಾರೆ. ನೆಲದ ಬಗ್ಗೆ ಯಾರೂ ಹೇಳುವುದಿಲ್ಲ. ನನಗೂ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುವ ಪೈಕಿಯಲ್ಲ ಎನ್ನುವುದು ಬೇರೆ ಮಾತು. ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ಕಳೆದು, ಅದೇ ವಿದ್ಯೆಯನ್ನು ನಂಬಿಕೊಂಡು ಜರ್ಮನಿಯ ಒಂದು ಊರಿಗೆ ಬಂದವನು ನಾನು. ಯಾವ ಪುಡಿಗೆ ಎಷ್ಟು ನೀರು ಬೆರೆಸಬೇಕು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಇಂಥ ಪಂಡಿತನಿಗೆ ನೆಲ ತೊಳೆಯುವುದನ್ನು ಯಾರಾದರೂ ಕಲಿಸಬೇಕೆ?

ನಮ್ಮ ಸೀಮೆಯಲ್ಲಿ ನೆಲವೆಂದರೆ ಶಹಾಬಾದಿನ ಪರಸಿ ಕಲ್ಲು. ಮೇಲೆ ಕೊಡಗಟ್ಟಲೆ ನೀರು ಸುರಿದು, ಕಸಬರಿಗೆಯಿಂದ ಬರಬರ ಉಜ್ಜಿ ಮೋರಿಯ ಕಡೆ ನೂಕಿದರೆ ಅದು ನೆಲ ತೊಳೆದಂತೆ. ನಮ್ಮದು ವೈಷ್ಣವರ ಮನೆ ಬೇರೆ, ಮಡಿಯ ಹೆಸರಿನಲ್ಲಿ ಒಂದು ಕೊಡ ಹೆಚ್ಚಿಗೆ. ನಮ್ಮಜ್ಜಿಯ ಪ್ರಕಾರ ಒದ್ದೆ ಬಟ್ಟೆಯಿಂದ ಒರೆಸುವುದೆಂದರೆ ಹೊಲಸನ್ನು ಈ ಮೂಲೆಯಿಂದ ಆ ಮೂಲೆಗೆ ವರ್ಗ ಮಾಡುವುದು. ನನ್ನ ಹೆಂಡತಿ ಪದ್ಮಾ ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯಲ್ಲಿ ಹುಟ್ಟಿ ಬೆಳೆದವಳು. ಬೆಳಿಗ್ಗೆ ತೊಳೆದ ಅಂಗಳದ ಮೇಲೆ ಮಧ್ಯಾಹ್ನಕ್ಕೆಲ್ಲ ಬೂದು ಧೂಳು ಕೂಡುವ ಊರು ಅದು. ಹೀಗಾಗಿ ನೀರಿಲ್ಲದೆ ಮನೆ ಚೊಕ್ಕಟವಾಗುತ್ತದೆ ಎಂದರೆ ಅವಳು ನಗುತ್ತಾಳೆ.

ನಮಗೆ ಬಾಡಿಗೆ ಮನೆ ಸಿಕ್ಕಿದ್ದೇ ಐದು ತಿಂಗಳು ಅಲೆದ ಮೇಲೆ. ಅಲ್ಲಿಯವರೆಗೆ ನಾನೊಬ್ಬನೇ ಅತಿಥಿಗೃಹದಲ್ಲಿದ್ದೆ. ಮನೆ ಸಿಕ್ಕಿತೆಂದು ತಿಳಿಸಿದ ಮೇಲೆ ಪದ್ಮಾ ವಿಮಾನ ಹತ್ತಿದಳು. ಕರಾರುಪತ್ರವೋ ಒಂದು ಪುರಾಣದಷ್ಟಿತ್ತು. ಭಾನುವಾರ ಗೋಡೆಗೆ ಮೊಳೆ ಹೊಡೆಯಬಾರದು, ಸೈಕಲ್ಲನ್ನು ಮೆಟ್ಟಿಲ ಹತ್ತಿರ ನಿಲ್ಲಿಸಬಾರದು, ಮನೆಗೆ ಹಾನಿ ಮಾಡಿದವರಿಂದ ಮನೆ ಬಿಡಿಸಲಾಗುವುದು ಎಂದೆಲ್ಲ ಬರೆದಿತ್ತು. ಅಡುಗೆಮನೆಯಲ್ಲಿ ಬಕೆಟ್ ನೀರು ಸುರಿಯಬಾರದು ಎಂದು ಮಾತ್ರ ಬರೆದಿರಲಿಲ್ಲ. ಅಂಥ ಮನುಷ್ಯರಿರುತ್ತಾರೆ ಎಂಬ ಕಲ್ಪನೆಯೇ ಪಾಪ ಅವರಿಗೆ ಇದ್ದಿರಲಿಕ್ಕಿಲ್ಲ.

ಶ್ರಾವಣದ ಮೊದಲ ಶುಕ್ರವಾರ. ಪದ್ಮಾಗೆ ಸೊಂಟನೋವು. ನಾನೇ ಪಂಚೆಯನ್ನು ಮೊಣಕಾಲ ಮೇಲೆ ಎತ್ತಿ ಕಟ್ಟಿ, ಅರಿಶಿನ ಕದಡಿದ ಎರಡು ಬಕೆಟ್ ನೀರನ್ನು ಅಡುಗೆಮನೆಯ ನೆಲಕ್ಕೆ ಧಡಾರನೆ ಸುರಿದುಬಿಟ್ಟೆ.

"ರೀ, ಮೋರಿ ಎಲ್ಲದ?" ಎಂದಳು ಪದ್ಮಾ.

"ಇರ್ತದ ಬಿಡು. ಇಷ್ಟ್ ದೊಡ್ಡ ದೇಶ, ಒಂದ್ ಮೋರಿ ಇರಂಗಿಲ್ಲೇನು?"

ಇರಲಿಲ್ಲ. ನಾಲ್ಕು ಮೂಲೆಗಳನ್ನೂ ಹುಡುಕಿದೆ. ಜಗತ್ತಿಗೆಲ್ಲ ಕಾರು ಮಾಡಿ ಕಳಿಸುವ ಈ ಜಾಣರು ಅಡುಗೆಮನೆಯ ಗೋಡೆಗೆ ಒಂದು ತೂತು ಕೊರೆದಿರಲಿಲ್ಲ. ನಾನು ಹುಡುಕುತ್ತಿದ್ದಂತೆಯೇ ನೀರು ಕಡಿಮೆಯಾಗುತ್ತ ಬಂತು. ನೆಲ ಮರದ್ದು, ಸಂದಿಗಳಲ್ಲಿ ನೀರು ಇಳಿಯುತ್ತಿದೆ ಎಂದು ತಿಳಿಯುವಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

ಕೆಳಗಿನ ಮನೆಯಲ್ಲಿ ಒಬ್ಬರೇ ಇರುವ ಹೆಲ್ಗಾ ಎಂಬ ಅಜ್ಜಿ ನಿಂತಿದ್ದರು. ಎಂಬತ್ತರ ಹತ್ತಿರದ ವಯಸ್ಸು. ಕೈಯಲ್ಲಿದ್ದ ಪಾತ್ರೆಯ ತುಂಬ ಹಳದಿ ನೀರು. ತಮ್ಮ ಅಡುಗೆಮನೆಯ ಮೇಲ್ಛಾವಣಿಯಿಂದ ತೊಟ್ಟಿಕ್ಕುತ್ತಿದೆ, ನಿಮ್ಮಲ್ಲಿ ಪೈಪು ಒಡೆದಿದೆಯೇ ಎಂದು ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು. ಐದು ತಿಂಗಳ ಅಲೆದಾಟವೆಲ್ಲ ನನ್ನ ಕಣ್ಣ ಮುಂದೆ ಬಂತು. ಕಸಬರಿಗೆಯನ್ನು ಬೆನ್ನ ಹಿಂದೆ ಮಾಡಿಕೊಂಡು, "ಹೌದು, ಪೈಪು" ಎಂದೆ. ಹಾಗಾದರೆ ಮಾಲೀಕರಿಗೆ ನಾನೇ ತಿಳಿಸುತ್ತೇನೆ ಎಂದು ಅವರು ಇಳಿದು ಹೋದರು.

"ಎಂಥಾ ಸುಳ್ಳ್ ಹೇಳ್ಲಿಕತ್ತೀರಿ! ಪೈಪಿನ್ಯಾಗ ಅರಿಶಿಣ ಬರ್ತದೇನು? ಆ ಅಜ್ಜಿ ಮನಿ ಹಾಳಾಗ್ಯದ. ಹೋಗಿ ಖರೆ ಹೇಳ್ರಿ" ಎಂದು ಪದ್ಮಾ ಬೆನ್ನು ಹತ್ತಿದಳು. ಹೇಳುವವನೇ ಇದ್ದೆ. ಆದರೆ ಶನಿವಾರ ಧೈರ್ಯ ಬರಲಿಲ್ಲ, ಭಾನುವಾರ ಈ ದೇಶದಲ್ಲಿ ಯಾರಿಗೂ ತೊಂದರೆ ಕೊಡಬಾರದು. ಚಿತ್ತಾಪುರದ ನನ್ನ ಭಾವನಿಗೆ ಪ್ರತಿ ಭಾನುವಾರ ಫೋನಿನಲ್ಲಿ, "ಇಲ್ಲಿ ಮಂದಿ ಸತ್ರೂ ಸುಳ್ಳ್ ಹೇಳಂಗಿಲ್ಲ ನೋಡು, ನಮ್ಮವರು ಕಲೀಬೇಕು" ಎಂದು ಪ್ರವಚನ ಮಾಡುವುದು ನನ್ನ ರೂಢಿ. ಆ ಭಾನುವಾರ ಬರೀ ಹವಾಮಾನದ ಬಗ್ಗೆ ಮಾತಾಡಿ ಮುಗಿಸಿದೆ.

ಸೋಮವಾರ ಮಾಲೀಕರ ಕಡೆಯ ಮನುಷ್ಯ ಬಂದ. ಗೋಡೆಗೊಂದು ಯಂತ್ರ ಹಿಡಿದು ಒಂದು ತಾಸು ಪರೀಕ್ಷೆ ಮಾಡಿದ. ಪೈಪುಗಳೆಲ್ಲ ಗಟ್ಟಿಮುಟ್ಟಾಗಿದ್ದವು. ನನ್ನನ್ನು ಒಮ್ಮೆ ನೋಡಿ, ಕಲೆ ನೋಡಲು ಕೆಳಗಿಳಿದ. ನಾನು ಮನಸ್ಸಿನಲ್ಲೇ ಪಾತ್ರೆ ಪಗಡೆ ಕಟ್ಟತೊಡಗಿದೆ. ಅವನು ತಿರುಗಿ ಬಂದು, ತೊಂದರೆಯಾಯಿತು, ಕ್ಷಮಿಸಿ ಎಂದ. ಆ ಅಜ್ಜಿ ಕಿಟಕಿ ಮುಚ್ಚಿಕೊಂಡು ಹಣ್ಣಿನ ಜಾಮ್ ಕುದಿಸಿದ್ದರಂತೆ, ಹಬೆ ಕೂತು ಛಾವಣಿ ಹಾಳಾಯಿತಂತೆ. ಕಿಟಕಿ ತೆರೆಯುವ ಬಗ್ಗೆ ಅವರಿಗೆ ಚೆನ್ನಾಗಿ ತಿಳಿಹೇಳಿ ಬಂದಿದ್ದೇನೆ ಎಂದೂ ಸೇರಿಸಿದ. ನನ್ನ ತಪ್ಪಿಗೆ ಅಷ್ಟು ವಯಸ್ಸಾದ ಹೆಂಗಸು ಅವನಿಂದ ಬೈಸಿಕೊಂಡಿದ್ದರು. ನನಗೆ ನಿಜವಾಗಿ ನಾಚಿಕೆಯಾಯಿತು.

"ಈಗರೆ ಹೋಗ್ರಿ" ಎಂದಳು ಪದ್ಮಾ. ಹೋದೆ. ಮೆಟ್ಟಿಲಿಳಿಯುತ್ತ ಜರ್ಮನ್ ಭಾಷೆಯಲ್ಲಿ ತಪ್ಪೊಪ್ಪಿಗೆಯನ್ನು ಮೂರು ಸಲ ಬಾಯಿಪಾಠ ಮಾಡಿದೆ. ಹೆಲ್ಗಾ ಅಜ್ಜಿ ಬಾಗಿಲು ತೆರೆದವರೇ ನನಗೆ ಬಾಯಿ ತೆರೆಯಲು ಬಿಡಲಿಲ್ಲ. "ಮೊದಲು ನಿಮ್ಮ ಮನೆಯಲ್ಲಿದ್ದವನು ಹನ್ನೊಂದು ವರ್ಷದಲ್ಲಿ ನನ್ನನ್ನು ಒಮ್ಮೆಯೂ ಮಾತಾಡಿಸಲಿಲ್ಲ. ನಿನ್ನ ಹೆಂಡತಿ ಬಂದ ದಿನದಿಂದ, ಮೆಟ್ಟಿಲ ಮೇಲೆ ಸಿಕ್ಕಾಗೆಲ್ಲ ಊಟ ಆಯಿತೇ ಎಂದು ಕೇಳುತ್ತಾಳೆ. ಅದಕ್ಕೇ ಅವನಿಗೆ ಜಾಮ್ ಕುದಿಸಿದೆ ಎಂದು ಹೇಳಿದೆ" ಎಂದು ನನ್ನನ್ನೇ ನೋಡುತ್ತ ನಿಂತರು.

ಈಗ ಹೇಳಲೇಬೇಕಿತ್ತು. ಬಾಯಿಪಾಠ ಮಾಡಿದ್ದೆಲ್ಲ ನಾಲಿಗೆಯ ತುದಿಯವರೆಗೂ ಬಂದಿತ್ತು. "ಹೌದು, ಜಾಮ್ ಮಾಡುವಾಗ ಹಬೆ ಬಹಳ ಏಳುತ್ತದೆ" ಎಂದುಬಿಟ್ಟೆ.

ಮೇಲೆ ಬಂದಾಗ ಪದ್ಮಾ ಬಾಗಿಲಲ್ಲೇ ನಿಂತಿದ್ದಳು. "ಖರೆ ಹೇಳಿ ಬಂದ್ರೇನು?"

"ಎಲ್ಲಾ ಹೇಳಿ ಬಂದೆ" ಎಂದೆ.