ತೀರಿಕೊಂಡ ಕ್ಷೇತ್ರಕ್ಕೆ ಶೋಕದ ರಜೆ

ಇಂದ,
ಅರ್ಜಿದಾರಳು, ಸೈದ್ಧಾಂತಿಕ ಭೌತವಿಜ್ಞಾನಿ,
ಮೂರನೇ ಮಹಡಿ, ಲಿಫ್ಟ್ ಹೋಗದ ತುದಿ.

ಗೆ,
ವಿಭಾಗದ ಮುಖ್ಯಸ್ಥರು,
ಎರಡನೇ ಮಹಡಿ, ಎ.ಸಿ. ಇರುವ ಕೋಣೆ.

ವಿಷಯ: ಆಪ್ತರ ಮರಣದ ನಿಮಿತ್ತ ರಜೆ ಮಂಜೂರು ಮಾಡುವ ಕುರಿತು.
ಉಲ್ಲೇಖ: "ಕ್ಷೇತ್ರ ಸತ್ತಿದ್ದಕ್ಕೆಲ್ಲ ರಜೆ ಕೊಡೋಕಾಗಲ್ಲ" ಎಂಬ ತಮ್ಮ ಮೌಖಿಕ ಆದೇಶ, ಮೆಟ್ಟಿಲ ಮೇಲೆ.

ಮಾನ್ಯರೇ,

೧. ಸವಿನಯ ನಿವೇದನೆ ಏನೆಂದರೆ, ಅರ್ಜಿದಾರಳು ಮದುವೆಗೂ ಮುಂಚಿನಿಂದ ಒಂದು ಕ್ಷೇತ್ರವನ್ನು (ಗುರುತ್ವ ಕ್ಷೇತ್ರ, ಕಾಂತಕ್ಷೇತ್ರ ಎನ್ನುವಾಗಿನ ಕ್ಷೇತ್ರ) ಸಾಕಿಕೊಂಡಿದ್ದಳು. ಅದು ಈವರೆಗೆ ಗೊತ್ತಿರುವ ಯಾವ ಕಣದ ಮನೆತನಕ್ಕೂ ಸೇರದ್ದು. ಸಾಪೇಕ್ಷತೆಯ ನಿಯಮಕ್ಕೆ ತಲೆಬಾಗಿ, ವಿಶ್ವದ ತುಂಬ ಹರಡಿಕೊಂಡು, ಬಲವಾದ ಅಯಸ್ಕಾಂತದ ಬಳಿ ಬೆಳಕನ್ನು ತುಸು ತಿರುಚುವುದಷ್ಟೇ ಅದರ ಕೆಲಸ. ಇದೆಲ್ಲ ಕಾಗದದ ಮೇಲೆ.

೨. ಸದರಿ ಕ್ಷೇತ್ರವನ್ನು ಹುಡುಕುವ ಹೊಣೆಯನ್ನು ತಾವು ನೆಲಮಾಳಿಗೆಯ ಪ್ರಯೋಗಶಾಲೆಗೆ ವಹಿಸಿದಿರಿ. ಅಲ್ಲಿನ ವಿಜ್ಞಾನಿ ಅರ್ಜಿದಾರಳ ಗಂಡ. ಆ ಕಾರಣ, ಮನೆಯಲ್ಲಿ ಈ ಮಾತೇ ಎತ್ತಕೂಡದೆಂದು ಇಬ್ಬರೂ ಒಪ್ಪಿಕೊಂಡಿದ್ದರು.

೩. ಕಳೆದ ವಾರದ ಸಭೆಯಲ್ಲಿ ಗಂಡ ಗ್ರಾಫ್ ತೋರಿಸಿ, "ಅಲ್ಲಿ ಏನೂ ಇಲ್ಲ" ಎಂದರು. ತಾವು ಚಪ್ಪಾಳೆ ತಟ್ಟಿದಿರಿ. ಅರ್ಜಿದಾರಳು ಅವರನ್ನು ಬಾಗಿಲಲ್ಲೇ ತಡೆದಳು.

"ಬೆಳಗ್ಗೆ ಕಾಫಿ ಕುಡೀತಾ ಹೇಳೋಕೇನಾಗಿತ್ರೀ?"

"ಸಭೆಗೆ ಮುಂಚೆ ಯಾರಿಗೂ ಹೇಳೋ ಹಾಗಿರ್ಲಿಲ್ಲ ಕಣೆ."

"ಓ, ನಾನೀಗ ಯಾರೋ ಆದ್ನಾ?"

ಆದ್ದರಿಂದ ಮಾತುಕತೆ ಸ್ಥಗಿತಗೊಂಡಿತು. ಇಕ್ಕಟ್ಟಾದ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ತಾಕದೆ ಹಾದುಹೋಗುವುದರಲ್ಲಿ ದಂಪತಿ ಸದರಿ ಕ್ಷೇತ್ರವನ್ನೂ ಮೀರಿಸಿದರು.

೪. ಭಾನುವಾರ ಪಾತ್ರೆ ತೊಳೆಯುತ್ತಿದ್ದ ಗಂಡ, ನಲ್ಲಿಗೆ ಹೇಳುವಂತೆ ಹೇಳಿದರು: "ಅದು ಇನ್ನೂ ದುರ್ಬಲ ಇರಬಹುದಲ್ವಾ? ದೊಡ್ಡ ಅಯಸ್ಕಾಂತ ತರಿಸಿ ಇನ್ನೊಂದ್ಸಲ ನೋಡ್ತೀನಿ. ಮುಖ್ಯಸ್ಥರು ಬೈದ್ರೆ ಬೈಲಿ."

"ಬೇಡ. ಅಷ್ಟು ದುರ್ಬಲ ಆದ್ರೆ ನನ್ನ ಸಮೀಕರಣನೇ ನಿಲ್ಲಲ್ಲ. ಲೆಕ್ಕ ಹಾಕಿ ನೋಡ್ದೆ. ಅದು ಹೋಯ್ತು ಕಣ್ರೀ."

ಗಂಡನ ಕೈಯಿಂದ ತಟ್ಟೆ ಜಾರಿತು. ತಾವು ಗಮನಿಸಬೇಕಾದ ಅಂಶವೆಂದರೆ, ಮೊದಲು ಅತ್ತವರು ಅವರು.

೫. ರಜೆ ಕೇಳಲು ಹೋದಾಗ ಗುಮಾಸ್ತರು, "ಯಾರು ಹೋದ್ರು ಮೇಡಂ?" ಎಂದರು.

"ಒಂದು ಕ್ಷೇತ್ರ."

"ಜಮೀನಾ? ಎಷ್ಟು ಎಕರೆ?"

"ಇಡೀ ವಿಶ್ವ."

"ಅಯ್ಯೋ ಪಾಪ," ಎಂದು ಅವರು ಕುರ್ಚಿ ಎಳೆದು ಕೂರಿಸಿದರು. ಈ ಸಂಸ್ಥೆಯಲ್ಲಿ ಅರ್ಜಿದಾರಳಿಗೆ ದೊರೆತ ಏಕೈಕ ಸಾಂತ್ವನ ಇದಾಗಿದ್ದು, ತರುವಾಯ ತಾವು ಉಲ್ಲೇಖಿತ ಆದೇಶವನ್ನು ದಯಪಾಲಿಸಿದಿರಿ.

ಆದ್ದರಿಂದ, ಮೇಲ್ಕಂಡ ಕಾರಣಗಳಿಗಾಗಿ, ಒಂದು ವಾರದ ರಜೆ ಮಂಜೂರು ಮಾಡಬೇಕಾಗಿ ಕೋರಿಕೆ.

ತಮ್ಮಲ್ಲಿ ಇನ್ನೂ ವಿಶ್ವಾಸವಿಟ್ಟಿರುವ,
ಅರ್ಜಿದಾರಳು

ಲಗತ್ತು:
(ಅ) ಮರಣ ಪ್ರಮಾಣಪತ್ರದ ಬದಲಿಗೆ ಗಂಡನ ಗ್ರಾಫ್. ಗೆರೆ ಈ ತುದಿಯಿಂದ ಆ ತುದಿಗೆ ಚಪ್ಪಟೆ.
(ಆ) ಅರ್ಜಿದಾರಳ ಲೆಕ್ಕ. ಕೊನೆಯ ಹಾಳೆ ಒದ್ದೆಯಾಗಿರುವುದಕ್ಕೆ ಕ್ಷಮೆ ಇರಲಿ.
(ಇ) ಗಂಡನ ರಜೆ ಅರ್ಜಿ, ಇದೇ ದಿನಗಳಿಗೆ.

ವಿ.ಸೂ.: ಲಗತ್ತು (ಇ)ರಲ್ಲಿ "ಮೃತರೊಂದಿಗೆ ಸಂಬಂಧ" ಎಂಬಲ್ಲಿ ಗಂಡ "ಕೊಂದವನು" ಎಂದು ಬರೆದಿದ್ದರು. ಅರ್ಜಿದಾರಳು ಅದನ್ನು ಹೊಡೆದುಹಾಕಿ "ತಂದೆ" ಎಂದು ತಿದ್ದಿರುತ್ತಾಳೆ. ಸದರಿ ತಿದ್ದುಪಡಿಯನ್ನು ಮಾನ್ಯ ಮಾಡಬೇಕಾಗಿ ಪ್ರಾರ್ಥನೆ.