ಪರದೆ ಮ್ಯಾಲಿನವರ ಕಣ್ಣು

ನಮ್ಮವ್ವ ಎಲ್ಲಿದ್ರೂ ಏನಾರ ಒಂದು ತಮಾಷೆ ನಡೀತಾನ ಇರ್ತಿತ್ತು. ಐವತ್ತರ ದಶಕದ ಮಾತು. ಅಪ್ಪಗ ಆದೋನಿಯ ಹತ್ತಿ ಮಿಲ್ಲಿನಾಗ ಕೆಲಸ ಸಿಕ್ತಂತ ನಮ್ಮೂರು ಹೊಳಗುಂದ ಬಿಟ್ಟು ಬಂದಿದ್ವಿ. ನನಗ ಹದಿನಾಲ್ಕು ವರ್ಷ. ಓಣಿ ಹಿಂದಿನ ಬಯಲಿನಾಗ ಟೂರಿಂಗ್ ಟಾಕೀಸಿನ ಡೇರೆ. ಅಲ್ಲಿ ಹಾಡು ಹಾಕಿದ್ರಂದ್ರ ನನ್ನ ಕೈಯಾಗಿನ ರೊಟ್ಟಿ ಕೈಯಾಗ ಉಳೀತಿತ್ತು.

೧. ತಲಿನೋವು

ಒಂದಿನ ಆಟ ನೋಡಿ ಬಂದು ತಲಿ ಹಿಡ್ಕೊಂಡು ಕುಂತೆ. ಕಣ್ಣು ಕೆಂಪಗಾಗಿದ್ವು.

"ದೃಷ್ಟಿ ತಾಗೇತಿ," ಅಂದ್ಲು ಅವ್ವ.

"ಯಾರದು?"

"ಪರದೆ ಮ್ಯಾಲಿನವರದು! ಒಬ್ಬೊಬ್ಬರ ಕಣ್ಣು ರೊಟ್ಟಿ ಹಂಚಿನಷ್ಟು ಅದಾವಂತ ನೀನ ಹೇಳಿದ್ದಿ. ಅಷ್ಟು ದೊಡ್ಡ ಕಣ್ಣಿಲೆ ನೋಡಿದ್ರ ತಾಗದ ಬಿಡ್ತೈತೇನು?"

ಉಪ್ಪು, ಒಣ ಮೆಣಸಿನಕಾಯಿ ಹಿಡಿದು ಇಳಿ ತಗದ್ಲು. "ಊರ ಕಣ್ಣು, ಕೇರಿ ಕಣ್ಣು, ರಾಜಾನ ಕಣ್ಣು, ರಾಣಿ ಕಣ್ಣು, ಕತ್ತಿ ಹಿಡದಾವನ ಕಣ್ಣು..." ಎಲ್ಲಾ ಒಲಿಗೆ ಹಾಕಿ, "ನೋಡ್ರೀ, ಒಂಚೂರೂ ಘಾಟಿಲ್ಲ. ಅಷ್ಟು ತಾಗಿತ್ತು!" ಅಂದ್ಲು.

ಅಪ್ಪ ಕಣ್ಣೀರು ಒರಸಿಕೊಂತ ಬಾಗಲ ಕಡೆ ಓಡಿದ. "ಹೌದೌದು, ಘಾಟೆಲ್ಲೈತಿ? ನಾ ಸುಮ್ನ ಕೆಮ್ಮಾಕತ್ತೀನಿ."

೨. ಡಾಕ್ಟರು

ತಲಿನೋವು ಹೋಗಲಿಲ್ಲ. ಡಾಕ್ಟರ ಹತ್ರ ಕರಕೊಂಡು ಹೋದ್ಲು. ತೆಲುಗು ಮಂದಿ, ಒಳ್ಳೇವರು. "ಏಂ ಭಯಂ ಲೇದಮ್ಮಾ, ಅಂಜಬ್ಯಾಡ. ಪರದೆ ಮುಂದ ಅಂಟಿಕೊಂಡು ಕುಂತ್ರ ಹಿಂಗಾಗ್ತದ. ದೂರ ಕೂಡ್ಸು," ಅಂದ್ರು.

ಮರುದಿನ ಅವ್ವ ನನ್ನ ಮಾಳಿಗಿ ಹತ್ತಿಸಿ ಕೂಡಿಸಿದ್ಲು. ಅಲ್ಲಿಂದ ಡೇರೆಯ ಬೆನ್ನು ಬಿಟ್ರ ಬ್ಯಾರೆ ಏನೂ ಕಾಣಂಗಿಲ್ಲ.

"ಅವ್ವಾ, ಪರದೇನ ಕಾಣವಲ್ದು!"

"ಕಾಣಬಾರದಂತನ ದೂರ ಕೂಡ್ಸು ಅಂದಾರ. ಸುಮ್ನ ಕೇಳು."

ಹಾಡು, ಮಾತು, ಅಳು ಎಲ್ಲಾ ಚಂದ ಕೇಳ್ತಿದ್ವು. ಬಾಜು ಮನಿಯಾಕಿ ಹುರಿದ ಶೇಂಗಾ ಕಟಿಗೊಂಡು ತಾನೂ ಹತ್ತಿ ಬಂದು, "ಇಂಟರ್ವಲ್ ಯಾವಾಗ ಬಿಡ್ತಾರ, ಅಕ್ಕಾ?" ಅಂತ ಕೇಳಿದ್ಲು.

೩. ಅವ್ವ ಡೇರೆಗೆ ಬಂದಿದ್ದು

ಡೇರೆ ಕಿತ್ತು ಪತ್ತಿಕೊಂಡ ಊರಿಗೆ ಹೋಗೋ ದಿನ ಹತ್ರ ಬಂತು. ನನಗ ಜೀವ ಹೋದಂಗಾತು. ಅತ್ತು ಕರದೆ, ಉಣ್ಣಲಿಲ್ಲ. ಕಡೀಗೆ ಅಪ್ಪ ಅವ್ವಗ, "ನೀನ ಒಮ್ಮೆ ಹೋಗಿ ನೋಡು. ಆಮ್ಯಾಲ ನೀ ಬ್ಯಾಡಂದ್ರ ಬ್ಯಾಡ," ಅಂದ.

ನನ್ನ ಗಲ್ಲಕ್ಕ ಕಾಡಿಗಿ ಬೊಟ್ಟು ಇಟ್ಟು, ಸೆರಗಿನಾಗ ಉಪ್ಪು ಮೆಣಸಿನಕಾಯಿ ಕಟಿಗೊಂಡು ಬಂದ್ಲು. ಹೆಂಗಸರ ಕಡೆ ಎಲ್ಲಾರಕಿಂತ ಹಿಂದ ಕುಂತ್ವಿ. ಆಟದಾಗ ಮಲತಾಯಿ ಹೊರಗ ಹಾಕಿದ ಹುಡುಗಿ ಒಂಟಿಯಾಗಿ ಹಾದಿ ಹಿಡಿದು ಅಳಾಕತ್ತಿದ್ಲು. ಪರದೆ ತುಂಬ ಆಕಿ ಮಾರಿ. ನಾನು ಮಾತ್ರ ಅವ್ವನ ಮಾರಿ ನೋಡಾಕತ್ತಿದ್ದೆ.

ಅವ್ವ ದಡಕ್ಕನ ಎದ್ಲು. ಮುಗೀತು, ನನ್ನ ಎಳಕೊಂಡು ಹೋಗ್ತಾಳ ಅಂದುಕೊಂಡೆ. ಆದ್ರ ಆಕಿ ಸೀದಾ ಪರದೆ ಮುಂದ ಹೋಗಿ ನಿಂತು, ಆ ಅಳೋ ಹುಡುಗಿಗೆ ಇಳಿ ತಗ್ಯಾಕ ಹತ್ತಿದ್ಲು! ಅವ್ವನ ಕೈ ನೆರಳು ಆ ಮಾರಿ ಸುತ್ತ ತಿರುಗತಿತ್ತು.

"ಕುಂದ್ರವ್ವೋ!" ಅಂತ ಗಂಡಸರು ಸೀಟಿ ಹೊಡದ್ರು. ಹೆಂಗಸರು ಮಾತ್ರ, "ಅಕ್ಕಾ, ಇನ್ನೊಂದು ಸುತ್ತು ಇಳಸು," ಅಂದ್ರು.

ಅವ್ವ ಬಂದು ಕುಂತು ಮೂಗು ಒರಸಿಕೊಂಡ್ಲು. "ಇಷ್ಟು ಮಂದಿ ಕಣ್ಣು ಪಿಳಕಿಸದ ನೋಡಾಕತ್ತಾರ. ನಿನಗಾದ್ರ ನಾನದೀನಿ. ಮನಿ ಬಿಟ್ಟು ಬಂದ ಕೂಸು ಅದು, ಅದಕ್ಕ್ಯಾರದಾರ?"

ನಮ್ಮವ್ವನಂಥಾಕಿ ಇನ್ನೊಬ್ಬಾಕಿ ಹುಟ್ಟಂಗಿಲ್ಲ ಬಿಡ್ರಿ. ಹೊರಗ ಬರೋವಾಗ ಅಂಜಿಕೊಂತ ಕೇಳಿದೆ, "ಅವ್ವಾ, ನಾಳೆ?"

"ಬರದಿದ್ರ ಹೆಂಗ? ನಾಳೆನೂ ಇಷ್ಟ ಮಂದಿ ಆಕಿನ್ನ ನೋಡಾಕ ಬರ್ತಾರಂತ. ನಡಿ, ಮನಿಯಾಗ ಮೆಣಸಿನಕಾಯಿ ಅದಾವಿಲ್ಲೋ ನೋಡೂಣು."